ಹುಬ್ಬಳ್ಳಿಗೆ ಬಂದ ದೊಡ್ಡವ್ವ

ಪಾಂಡವಪುರದಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ದೊಡ್ಡವ್ವ ದಿನಾ ಬೆಳಿಗ್ಗೆ ಕಾಂಪೌಂಡಿನ ಮೇಲೆ ಮೊಣಕೈ ಊರಿ ಕೇಳುತ್ತಿದ್ದರು: “ಡೇಟು ಬುಕ್ ಮಾಡುದ್ಯೇನವ್ವ?”

ಎಂಬಿಎ ಸೇರಲು ನಾನು ಬರೆಯಬೇಕಿದ್ದ ಪರೀಕ್ಷೆಯ ವಿಚಾರ ಅದು; ದಿನವನ್ನೂ ಊರನ್ನೂ ನಾವೇ ಆರಿಸಿ ಬುಕ್ ಮಾಡಬೇಕಿತ್ತು. ಕಾಲೇಜಿನ ಅರ್ಜಿಗೆ ಕೊನೆಯ ದಿನ ಬರುವುದರೊಳಗೆ ಅಂಕ ಕೈಸೇರಬೇಕಿತ್ತು. ನಾನೋ, ಇನ್ನೊಂದು ವಾರ ಓದಿದರೆ ಮೇಧಾವಿಯಾಗಿಬಿಡುತ್ತೇನೆಂದು ನಂಬಿ ಮುಂದೂಡುತ್ತಲೇ ಇದ್ದೆ. ಹಾಗೆಂದು ಓದಿದೆನೇ? ಅದೂ ಇಲ್ಲ. ಕಡೆಗೊಂದು ದಿನ ಬುಕ್ ಮಾಡಲು ಕೂತರೆ ಮೈಸೂರು, ಬೆಂಗಳೂರು ಎಲ್ಲ ಭರ್ತಿಯಾಗಿ ಹುಬ್ಬಳ್ಳಿ ಮಾತ್ರ ಉಳಿದಿತ್ತು.

ಅಪ್ಪ ನನ್ನೊಂದಿಗೆ ಮಾತು ಬಿಟ್ಟರು. ದೊಡ್ಡವ್ವ ಮಾತ್ರ ಒಂದು ಮಾತೂ ಬೈಯದೆ, ಚಿತ್ರಾನ್ನ ಕಟ್ಟಿಕೊಂಡು ನನ್ನ ಜೊತೆ ರೈಲು ಹತ್ತಿದರು.

ಪರೀಕ್ಷೆ ಮುಗಿಸಿ ಹೊರಬಂದಾಗ ಅವರು ಗೇಟಿನ ಎದುರಿನ ಬೇವಿನ ಮರದಡಿ ಪರೀಕ್ಷೆಗೆ ಬಂದಿದ್ದವರ ತಾಯಂದಿರ ನಡುವೆ ಕೂತಿದ್ದರು. ಅಷ್ಟು ದೂರದಿಂದ ಇಲ್ಲಿಗೇಕೆ ಬಂದಿರಿ ಎಂದು ಯಾರೋ ಕೇಳಿದರು. ನಾನು ತಲೆ ತಗ್ಗಿಸಿ ನಿಂತೆ.

“ನಮ್ಮುಡ್ಗಿಗೆ ಮೈಸೂರಲ್ಲೇ ಸಿಕ್ತಿತ್ತು ಕಣವ್ವ,” ಎಂದರು ದೊಡ್ಡವ್ವ. “ನಾನೇ ಬ್ಯಾಡ ಅಂದೆ. ಉಬ್ಬಳ್ಳಿ ನೋಡಿರ್ನಿಲ್ಲ, ಅದ್ಕೇ ಇಲ್ಗೇ ಆಕ್ಸುದೆ.”

ಅಂಕ ಸಮಯಕ್ಕೆ ಬಂತು, ಸೀಟೂ ಸಿಕ್ಕಿತು. ಹುಬ್ಬಳ್ಳಿಯಲ್ಲಿ ದೊಡ್ಡವ್ವ ನೋಡಿದ್ದು ಆ ಬೇವಿನ ಮರವೊಂದನ್ನೇ.