ಅಟ್ಟದ ಮೇಲಿನ ಕತ್ತೆ ಬೀರು

ಕೆಂಕೆರೆಯ ಕೆಂಚಯ್ಯನ ಮುಂದೆ ಯಾರಾದರೂ ಬೀರಿನ ಮಾತೆತ್ತಿದರೆ ಸಾಕು, ಇವತ್ತಿಗೂ ಮೊದಲು ಮುಖ ಕಿವುಚುತ್ತಾನೆ, ಆಮೇಲೆ ನಗುತ್ತಾನೆ. "ಈಗಿಂದೂ ಒಂದು ಬೀರೇನ್ಲಾ? ನಾವು ಕುಡೀತಿದ್ದುದು ಬೀರು! ಕುಡಿದೋನು ಮಾರ್ನೆ ದಿನ ಎದ್ದು ಕೂತ್ರೆ ಅವನೇ ಗಟ್ಟಿಗ!"

ತಿಪಟೂರಿನ ಒಂದು ಮೂಲೆ ಅಂಗಡಿಯಲ್ಲಿ ಮಾತ್ರ ಸಿಗುತ್ತಿದ್ದ ಅಗ್ಗದ ಬೀರು ಅದು. ಸೀಸೆಯ ಮೇಲೆ ಕುದುರೆಯ ಚಿತ್ರವಿತ್ತು. ಅಚ್ಚು ಹಾಕಿದ ಪುಣ್ಯಾತ್ಮ ಯಾರೋ, ಕುದುರೆಗೆ ಕಿವಿ ಉದ್ದವಾಗಿ, ಹೊಟ್ಟೆ ಜೋತುಬಿದ್ದು, ಜನರೆಲ್ಲ ಅದನ್ನು ಕತ್ತೆ ಬೀರು ಎಂದೇ ಕರೆಯುತ್ತಿದ್ದರು. ಹೆಸರಿಗೆ ತಕ್ಕ ರುಚಿ! ಐಸು ಗೀಸು ಏನಿಲ್ಲ, ಬಕೀಟಿನ ನೀರಲ್ಲಿ ಮುಳುಗಿಸಿಟ್ಟರೆ ಅದೇ ತಂಪು. ಮೊದಲ ಗುಟುಕು ಹುಳಿ, ಎರಡನೆಯದು ಕಹಿ, ಮೂರನೆಯದರ ಹೊತ್ತಿಗೆ ನಾಲಿಗೆಯೇ ಸತ್ತಿರುತ್ತಿತ್ತು. ಆದರೂ ಕೊಬ್ಬರಿ ಮಾರಲು ಹೋದಾಗಲೆಲ್ಲ ಕೆಂಚಯ್ಯನಿಗೆ ಅದು ಬೇಕು. ಸಾರಾಯಿ ಕುಡಿಯುವವರು ಕುಡುಕರು, ಬೀರು ಕುಡಿಯುವವರು ಪ್ಯಾಂಟಿನವರು ಎಂದು ಅವನ ಲೆಕ್ಕಾಚಾರ. ಪಂಚೆ ಉಟ್ಟುಕೊಂಡೇ ಅವನು ಒಂದು ಗಂಟೆ ಪ್ಯಾಂಟಿನವನಾಗಿ ಬರುತ್ತಿದ್ದ.

ಎಪ್ಪತ್ತೇಳನೆಯ ಇಸವಿಯಲ್ಲಿ ಒಂದು ದಿನ ಹೀಗೆ ಪ್ಯಾಂಟಿನವನಾಗಿ ಬಂದವನು ನೆಟ್ಟಗೆ ಕೊಟ್ಟಿಗೆಗೆ ಹೋಗಿ ಎಮ್ಮೆಯ ಪಕ್ಕ ಮಲಗಿಬಿಟ್ಟ. ಹೆಂಡತಿ ವಿಮಲಮ್ಮ ನಾಲ್ಕು ತಿಂಗಳ ಕೂಸನ್ನು ಸೊಂಟಕ್ಕೆ ಏರಿಸಿಕೊಂಡು ದಂಡಿನಶಿವರದ ತವರಿಗೆ ಹೊರಟುಹೋದಳು. ಕೆಂಚಯ್ಯ ಮೂರು ತಿಂಗಳು ತಾನೇ ಮುದ್ದೆ ತೊಳಸಿಕೊಂಡು ಗಂಟುಗಂಟಾದದ್ದನ್ನೇ ಉಂಡ. ಕೊನೆಗೆ ಅವಳಪ್ಪ ಶ್ರೀರಂಗಯ್ಯನೇ ಮಗಳನ್ನು ಕರೆತಂದು ಬಿಟ್ಟು, ಹೊಸಲು ದಾಟುವ ಮುಂಚೆ ಹೇಳಿದ: "ನೋಡಪ್ಪ, ಇನ್ನೊಂದ್ ಸಲ ವಾಸ್ನೆ ಬಂತೋ, ಮಗಳೂ ಮೊಮ್ಮಗಳೂ ನಮ್ಮನೇಲೇ. ಮತ್ತೆ ಕಳ್ಸಾಕಿಲ್ಲ." ಶ್ರೀರಂಗಯ್ಯ ಒಂದೇ ಮಾತಿನ ಆಸಾಮಿ. ಕೆಂಚಯ್ಯ ಕೂಸಿನ ತಲೆ ಮುಟ್ಟಿ ಆಣೆ ಮಾಡಿದ.

ಆಣೆ ಎರಡು ತಿಂಗಳು ನಿಂತಿತು. ಮೂರನೆಯ ತಿಂಗಳು, ಕೊಬ್ಬರಿಗೆ ಒಳ್ಳೆಯ ಬೆಲೆ ಸಿಕ್ಕ ಹುಮ್ಮಸ್ಸಿನಲ್ಲಿ, ಹಾಳು ಮನಸ್ಸು ಕೇಳಬೇಕಲ್ಲ! ಎರಡು ಸೀಸೆ ಕೊಂಡು ಖಾಲಿ ಚೀಲದಲ್ಲಿ ಸುತ್ತಿ ತಂದ. ಮನೆಯಲ್ಲಿ ವಿಮಲಮ್ಮನ ಕೈಗೆ ಸಿಗದ ಜಾಗ ಒಂದೇ, ಅಟ್ಟ. ಉಂಡೆ ಕೊಬ್ಬರಿಗಾಗಿ ಕಾಯಿಗಳನ್ನು ವರ್ಷಪೂರ್ತಿ ಅಲ್ಲಿ ಒಣಗಲು ಬಿಡುತ್ತಾರೆ, ಸುಮ್ಮಸುಮ್ಮನೆ ಯಾರೂ ಹತ್ತುವುದಿಲ್ಲ. ಮೂಲೆಯ ಕಾಯಿಗಳ ನಡುವೆ ಸೀಸೆಗಳನ್ನು ಹುದುಗಿಸಿಟ್ಟ. ಇಟ್ಟನೇ ಹೊರತು ಕುಡಿಯಲು ಧೈರ್ಯ ಬರಲಿಲ್ಲ. ಕೂಸು ನಕ್ಕಾಗಲೆಲ್ಲ ಆಣೆ ನೆನಪಾಗುತ್ತಿತ್ತು. ಹಾಗೇ ಬೇಸಿಗೆ ಬಂತು. ಹೆಂಚು ಕಾದು ಅಟ್ಟ ಒಲೆಯಂತಾಯಿತು.

ಒಂದು ಮಟಮಟ ಮಧ್ಯಾಹ್ನ, ಹೇಳದೆ ಕೇಳದೆ ಶ್ರೀರಂಗಯ್ಯ ಬಂದಿಳಿದ. ಮೊಮ್ಮಗಳನ್ನು ಎತ್ತಿ ಆಡಿಸಿ, ಅಳಿಯನ ಜೊತೆ ಊಟಕ್ಕೆ ಕೂತ. ಕೂತದ್ದು ಎಲ್ಲಿ ಅಂತೀರಿ? ಸರಿಯಾಗಿ ಆ ಮೂಲೆಯ ಕೆಳಗೆ. ಎರಡು ತುತ್ತು ನುಂಗಿರಬೇಕು, ಮೇಲೆ ಡಬ್ ಎಂದಿತು. ಬಿದಿರು ದಬ್ಬೆಗಳ ಸಂದಿಯಿಂದ ತೊಟತೊಟ ಎಂದು ಏನೋ ಶ್ರೀರಂಗಯ್ಯನ ಹೆಗಲ ಮೇಲಿನ ಟವೆಲ್ಲಿಗೆ ಸುರಿಯಿತು.

ಸೀಸೆ ಒಡೆದದ್ದೇ ಎಂದು ಕೆಂಚಯ್ಯನಿಗೆ ಗೊತ್ತಾಯಿತು. ಮುಗಿಯಿತು! ಹೆಂಡತಿ ಹೋದಳು, ಮಗಳೂ ಹೋದಳು.

ಶ್ರೀರಂಗಯ್ಯ ಟವೆಲ್ಲನ್ನು ಮೂಗಿನ ಹತ್ತಿರ ತಂದು ಮೂಸಿದ. ಇನ್ನೊಮ್ಮೆ ಮೂಸಿದ. ನಲವತ್ತು ವರ್ಷ ಕೊಬ್ಬರಿ ಅಟ್ಟದ ಕೆಳಗೆ ಬಾಳಿದ ಮೂಗು ಅದು.

"ಕಾಯಿ ಕೊಳ್ತು ಒಡ್ದೈತೆ ಕಣಪ್ಪ" ಎಂದ. "ಏನ್ ನಾತ! ಇದ್ನ ಹಂಗೇ ಬುಟ್ರೆ ಅಕ್ಕಪಕ್ಕದ್ದನ್ನೂ ಕೆಡಿಸ್ತದೆ. ತಡಿ, ನಾನೇ ಹತ್ತಿ ನೋಡ್ತೀನಿ."

"ಬ್ಯಾಡಿ ಮಾವ! ನೀವು ಉಣ್ಣಿ, ನಾನ್ ನೋಡ್ತೀನಿ!" ಕೆಂಚಯ್ಯ ಅರ್ಧ ಎದ್ದೇಬಿಟ್ಟ.

"ಎಂಜಲ ಕೈಯಾಗೆ ಯಾರೂ ಹತ್ಬ್ಯಾಡಿ" ಎಂದು ವಿಮಲಮ್ಮ ಸೆರಗು ಸಿಕ್ಕಿಸಿ, ಇವರು ನೋಡುತ್ತಿದ್ದಂತೆ ಏಣಿ ಏರಿಯೂ ಬಿಟ್ಟಳು.

ಮೇಲೆ ಕಾಯಿ ಸರಿಸುವ ಸದ್ದು ಕೇಳಿತು. ಆಮೇಲೆ ಗಾಜು ಕಿಣಿಕ್ ಎಂದಿತು. ಕೆಂಚಯ್ಯ ತಟ್ಟೆಯೊಳಗಿನ ಸಾರನ್ನೇ ನೋಡುತ್ತ ಕಂಡ ದೇವರಿಗೆಲ್ಲ ಹರಕೆ ಹೊತ್ತ.

ವಿಮಲಮ್ಮ ಇಳಿದಳು. ಕೈಯಲ್ಲಿ ಒಂದು ಕಾಯಿ, ಮಡಿಲಲ್ಲಿ ಏನೋ ಗಂಟು. ಗಂಡನ ಕಡೆ ತಿರುಗಿಯೂ ನೋಡಲಿಲ್ಲ. "ಹೂಂ ಕಣಪ್ಪ, ಒಂದು ಕಾಯಿ ಕೊಳ್ತಿತ್ತು. ತಿಪ್ಪೆಗೆ ಎಸ್ದು ಬತ್ತೀನಿ" ಎಂದು ಹಿತ್ತಲಿಗೆ ಹೋದಳು.

ಬಿಸಿಲಿಳಿದ ಮೇಲೆ ಶ್ರೀರಂಗಯ್ಯ ಬಸ್ಸಿಗೆ ಹೊರಟ. ಅಳಿಯನ ಹತ್ತಿರ ಬಂದು, ಮುಖಕ್ಕೆ ಮುಖ ತಂದು, ಬಾಯಿ ಮೂಸಿ ನೋಡಿ ಬೆನ್ನು ತಟ್ಟಿದ. "ಮಾತು ಉಳಿಸ್ಕಂಡಿದೀಯ ಕಣಪ್ಪ. ನಂಗೆ ಅಷ್ಟೇ ಸಾಕು." ಬೀರಿನಲ್ಲಿ ನೆನೆದು ಒಣಗಿದ ಆ ಟವೆಲ್ಲನ್ನೇ ಹೆಗಲಿಗೆ ಹಾಕಿಕೊಂಡು ಬಸ್ಸು ಹತ್ತಿದ. ದಂಡಿನಶಿವರದವರೆಗೆ ಪಕ್ಕ ಕೂತವರು ಏನಂದುಕೊಂಡರೋ ಶಿವನೇ ಬಲ್ಲ.

ಮಾವನನ್ನು ಬಸ್ಸು ಹತ್ತಿಸಿ ಕೆಂಚಯ್ಯ ಮನೆಗೆ ಮರಳಿದಾಗ ಜಗಲಿಯ ಮೇಲೆ ಎರಡನೆಯ ಸೀಸೆ ನಿಂತಿತ್ತು. ಪಕ್ಕದಲ್ಲಿ ವಿಮಲಮ್ಮ.

"ಕುಡೀರಿ."

"ವಿಮಲಾ, ತಪ್ಪಾಯ್ತು ಕಣೇ..."

"ಕುಡೀರಿ ಅಂದ್ನಲ್ಲ. ಅಂಥಾದ್ದು ಏನೈತೆ ನೋಡಾನ."

ಬಾಗಿಲ ಚಿಲಕಕ್ಕೆ ಸಿಕ್ಕಿಸಿ ಮುಚ್ಚಳ ಎಬ್ಬಿಸಿದರೆ ಅರ್ಧ ಬೀರು ನೊರೆಯಾಗಿ ಅವನ ಪಂಚೆಯ ಮೇಲೆ ಸುರಿಯಿತು. ಉಳಿದದ್ದು ಕಾಯಿಸಿದ ಕಷಾಯದಷ್ಟು ಬಿಸಿ. ಒಂದು ಗುಟುಕಿಗೇ ಕೆಂಚಯ್ಯನ ಕಣ್ಣಲ್ಲಿ ನೀರು ಬಂತು. ವಿಮಲಮ್ಮ ಸೀಸೆ ಕಿತ್ತುಕೊಂಡು ತಾನೂ ಒಂದು ಗುಟುಕು ಬಾಯಿಗೆ ಹಾಕಿ, ಥೂ ಎಂದು ಅಂಗಳಕ್ಕೆ ಉಗಿದಳು.

"ಅಯ್ಯೋ ನಿಮ್ಮ! ಇದಕ್ಕಾ ನನ್ನ ಕಳ್ಕಂತಿದ್ರಿ? ಅಪ್ಪ ಸರ್ಯಾಗೇ ಹೇಳ್ದ, ಇದು ಕೊಳ್ತ ಕಾಯೇ!" ಎಂದು ನಗಲು ಶುರುಮಾಡಿದಳು. ನಗುತ್ತಾ ನಗುತ್ತಾ ಅತ್ತೇಬಿಟ್ಟಳು. "ಅಪ್ಪನಿಗೆ ಸುಳ್ಳು ಹೇಳ್ದೆ ಕಣ್ರೀ. ಹುಟ್ಟಿದಾಗಿಂದ ಹೇಳಿರ್ಲಿಲ್ಲ. ನಂಗೆ ವಾಪಸ್ ಹೋಗಾಕೆ ಇಷ್ಟ ಇರ್ಲಿಲ್ಲ."

ಕೆಂಚಯ್ಯನ ಎದೆಯ ಮೇಲಿಂದ ಕಲ್ಲು ಎತ್ತಿಟ್ಟಂತಾಯಿತು. ತನ್ನನ್ನು ಬಿಟ್ಟು ಹೋಗಲು ಕಾಯುತ್ತಿದ್ದಾಳೆ ಎಂದೇ ಅವನು ಐದು ತಿಂಗಳಿಂದ ಹೆದರಿಕೊಂಡಿದ್ದ. ಉಳಿದ ಬೀರನ್ನು ತಾನೇ ಕೊಂಡೊಯ್ದು ತಿಪ್ಪೆಗೆ ಸುರಿದ. ಆಮೇಲೆ ಮುಟ್ಟಲಿಲ್ಲ. ಬಿಟ್ಟದ್ದು ಕಷ್ಟ ಎಂದೂ ಅನ್ನಿಸಲಿಲ್ಲ.

ಕತ್ತೆ ಬೀರು ಕೆಲವೇ ವರ್ಷಗಳಲ್ಲಿ ಅಂಗಡಿಯಿಂದ ಕಾಣೆಯಾಯಿತು. ಆದರೆ ವರ್ಷಕ್ಕೊಮ್ಮೆ ಅಟ್ಟದಿಂದ ಕಾಯಿ ಇಳಿಸುವಾಗ ಒಂದಾದರೂ ಕೊಳೆತದ್ದು ಕೈಗೆ ಸಿಗುತ್ತದೆ. ಕೆಂಚಯ್ಯ ಏಣಿಯ ಮೇಲಿಂದಲೇ ಕೂಗುತ್ತಾನೆ: "ವಿಮಲಾ, ಬೀರು ಬಂತು ಕಣೇ!"

"ಎಸೀರಿ ಅತ್ಲಾಗೆ!" ಎಂದು ಒಳಗಿಂದ ಗದರುತ್ತಾಳೆ ವಿಮಲಮ್ಮ. ಗದರಿದ ಮೇಲೆ, ಒಲೆಯ ಮುಂದಿನ ಕೆಲಸ ಬಿಟ್ಟು, ಮೂಸಿ ನೋಡಲು ಎದ್ದು ಬರುತ್ತಾಳೆ.