ಓರೆ ಅಕ್ಷರದ ಖಾಲಿ ಖಾನೆ

ಡೆವನ್‌ಪೋರ್ಟ್ ಬಂದರಿನ ಹಿಂದಿನ ಬೀದಿಯಲ್ಲಿ ಆಲ್ವಿನ್ ಪಾಸ್ಕೋ ಅವರ ಅಚ್ಚುಕೂಟ. ಅದರ ಮೇಲಿನ ಮನೆಗೆ ನಾವು ಬಾಡಿಗೆಯವರು. ಎಪ್ಪತ್ತೊಂದರ ವಯಸ್ಸಿನಲ್ಲೂ ಅವರು ಸೀಸದ ಅಚ್ಚುಮೊಳೆಗಳನ್ನು ಕೈಯಿಂದಲೇ ಜೋಡಿಸುತ್ತಾರೆ. ಆ ಸೀಸ ಮಗುವಿನ ಬಾಯಿಗೆ ಹೋದೀತೆಂದು ಹೆದರಿ ನಾನು ಬಾಗಿಲಲ್ಲೇ ನಿಂತು ಮಾತಾಡುವವಳು.

ಮಗಳ ನಾಮಕರಣದ ಕಾರ್ಡಿಗೆಂದು ಹೋದಾಗಲೂ ಅಲ್ಲಿಂದಲೇ ಹೇಳಿದೆ: "ಇಮೋಜೆನ್ ಅನ್ನೋ ಹೆಸರು ಮಾತ್ರ ಇಟಾಲಿಕ್‌ನಲ್ಲಿ, ಓರೆಯಾಗಿರಲಿ."

"ದಪ್ಪಂದು ಇದೆ, ತೆಳ್ಳಂದು ಇದೆ, ನೆಟ್ಟಗೆ ನಿಲ್ಲೋ ಸಾದಾದೂ ಇದೆ. ಓರೆ ಇಲ್ಲ," ಎಂದರು. ಬೀರುವಿನಲ್ಲಿ ಒಂದು ಖಾನೆಯ ಜಾಗ ಖಾಲಿಯಿತ್ತು.

ಹತ್ತೊಂಬತ್ತು ವರ್ಷದ ಹಿಂದೆ ಆಲ್ವಿನ್ ಅವರ ಅಪ್ಪ ತೀರಿಕೊಂಡಾಗ ಸಾವಿನ ಪ್ರಕಟಣೆಯನ್ನು ಅವರು ಪೂರ್ತಿ ದಪ್ಪಕ್ಷರದಲ್ಲಿ ಜೋಡಿಸಿದ್ದರಂತೆ. ಅವರ ತಂಗಿ ಏವಿಸ್ ಓರೆ ಅಕ್ಷರವೇ ಬೇಕೆಂದಿದ್ದಳು. ಜಗಳವಾಗಿ, ಆ ಮೊಳೆಗಳ ಖಾನೆಯನ್ನೇ ಕಾರಿಗೆ ಹಾಕಿಕೊಂಡು ಅಲ್ವರ್‌ಸ್ಟನ್‌ಗೆ ಹೋದವಳು ಮತ್ತೆ ಬರಲಿಲ್ಲ. ಬಸ್ಸಿನಲ್ಲಿ ಅರ್ಧ ಗಂಟೆಯ ದಾರಿ. ಅಂದಿನಿಂದ ಬಂದರಿನ ಪಟ್ಟಿಯಲ್ಲಿ ಓರೆ ಅಕ್ಷರದಲ್ಲಿರಬೇಕಾದ ಹಡಗಿನ ಹೆಸರುಗಳೆಲ್ಲ ಇಲ್ಲಿ ತೆಳು ಅಕ್ಷರದಲ್ಲೇ ಅಚ್ಚಾಗುತ್ತಿವೆ.

"ನೀವೇ ಹೋಗಿ ಕೇಳಬಾರದಾ?"

"ಬಾಗಿಲು ತೆಗೀದಿದ್ರೆ?"

ಕೊನೆಗೆ ತಳ್ಳುಗಾಡಿಯಲ್ಲಿ ಮಗುವನ್ನು ಕೂರಿಸಿಕೊಂಡು, ಬಸ್ಸು ಹತ್ತಿ ಏವಿಸ್ ಮನೆಗೆ ನಾನೇ ಹೋದೆ.

"ಊರೆಲ್ಲ ಕಿವುಡು ಅನ್ನೋ ಹಾಗೆ ದಪ್ಪಕ್ಷರದಲ್ಲಿ ಅಪ್ಪನ ಸಾವನ್ನ ಕೂಗಿಬಿಟ್ಟ," ಎಂದರು ಏವಿಸ್. "ಅಪ್ಪ ಒಂದು ದಿನ ದನಿ ಎತ್ತಿದವರಲ್ಲ. ಈಗಲೂ ಹಂಗೇ ಅರಚ್ತಾನಾ, ಆ ಕೋಣ?"

"ಇಲ್ಲ. ಮಾತಾಡೋದೇ ಕಡಿಮೆ."

ಅವರು ಎದ್ದು ಹೋದರು. ಒಳಗಿನಿಂದ ಖಾನೆ ತಂದರು. ಅದರ ಮೇಲೆ ಒಂದು ಚೂರೂ ಧೂಳಿರಲಿಲ್ಲ. ಇಂಗ್ಲಿಷಿನಲ್ಲಿ ಇಮೋಜೆನ್ ಎಂದು ಜೋಡಿಸಲು ಬೇಕಾದ ಆರೇ ಮೊಳೆಗಳನ್ನು ಆರಿಸಿ ಚಹಾ ಡಬ್ಬಿಗೆ ಹಾಕಿ, ನಾನು ಕೇಳುವ ಮೊದಲೇ ಮಗುವಿನ ಕೈಗೆ ಸಿಗದಂತೆ ಮುಚ್ಚಳ ಬಿಗಿದರು.

"ಅವನೇ ತಂದು ವಾಪಸ್ ಕೊಡ್ಬೇಕು. ನಿನ್ನ ಕೈಲಿ ಕಳಿಸಿದ್ರೆ ಮುಟ್ಟಲ್ಲ ಅಂತ ಹೇಳಮ್ಮ."

ಕಾರ್ಡು ಅಚ್ಚಾಯಿತು. ಶನಿವಾರ ಬೆಳಿಗ್ಗೆ ಆಲ್ವಿನ್ ಮೊಳೆಗಳನ್ನು ಸೀಮೆಎಣ್ಣೆಯಲ್ಲಿ ತೊಳೆದು, ಒರೆಸಿ, ಟೈ ಕಟ್ಟಿಕೊಂಡು ಹೊರಟರು. ಡಬ್ಬಿಯಲ್ಲಿ ಐದೇ ಇದ್ದವು. ಆರನೆಯದು ಖಾಲಿ ಖಾನೆಯ ಜಾಗದಲ್ಲಿ ಒಂಟಿಯಾಗಿ ನಿಂತಿತ್ತು.

"ಒಂದನ್ನ ಮರೆತಿರಿ!"

"ಮರೆತಿಲ್ಲ ಹುಡುಗಿ. ಎಲ್ಲಾ ಒಟ್ಟಿಗೆ ಕೊಟ್ಬಿಟ್ರೆ ಮುಂದಿನ ಶನಿವಾರ ಏನಂತ ಹೇಳ್ಕೊಂಡು ಹೋಗ್ಲಿ?"

ಬಸ್ಸು ತಿರುವಿನಲ್ಲಿ ಮರೆಯಾಗುವವರೆಗೂ ಮಗುವನ್ನೆತ್ತಿಕೊಂಡು ಬೀದಿಯಲ್ಲೇ ನಿಂತಿದ್ದೆ. ಬಾಗಿಲು ತೆಗೆಯದಿದ್ದರೆ ಎಂಬ ಅಳುಕು ಈಗ ನನಗೆ ಹತ್ತಿತ್ತು.