ಭಾನುವಾರದ ಪಂದ್ಯ

ಫಿಜಿಯ ಲೌಟೋಕಾದ ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬಿನ ಲಾರಿ ತೂಗುತ್ತಿದ್ದ ಶಿವದತ್ತನಿಗೆ ಇದ್ದ ಹುಚ್ಚು ಒಂದೇ: ದೇಶದೇಶಗಳ ನಡುವಿನ ಸ್ನೇಹಪಂದ್ಯಗಳ ಫಲಿತಾಂಶ ಕೂಡಿಹಾಕುವುದು. ಕಪ್ಪಿಲ್ಲ, ಪದಕವಿಲ್ಲ, ಆಡಿದವರೇ ಮರೆತ ಫುಟ್‌ಬಾಲು! ಹಳೇ ಪತ್ರಿಕೆ ತಿರುವಿ, ಊರೂರಿಗೆ ಬರೆದು ಕೇಳಿ, ಒಂದೊಂದು ಗೋಲನ್ನೂ ಖಾತ್ರಿ ಮಾಡಿಕೊಂಡೇ ಇಂಟರ್‌ನೆಟ್ಟಿಗೆ ಹಾಕುತ್ತಿದ್ದ. ಅವನ ಪಟ್ಟಿಯನ್ನು ಎಲ್ಲೆಲ್ಲಿಯವರೋ ನಂಬುತ್ತಿದ್ದರು.

ಈ ಹುಚ್ಚಿಗೆ ಬೀಜ ಅಣ್ಣ ಬಿಸುನ್‌ದೇವ. ಹರೆಯದಲ್ಲಿ ಫಿಜಿ ತಂಡದೊಂದಿಗೆ ಸಮೋವಾಕ್ಕೆ ಹೋಗಿ ಎರಡು ಪಂದ್ಯ ಆಡಿ, ಎರಡರಲ್ಲೂ ಗೋಲು ಹೊಡೆದವನು. ಶನಿವಾರ ಒಂದು–ಒಂದು, ಭಾನುವಾರವೂ ಒಂದು–ಒಂದು: ಶಿವದತ್ತ ಎರಡು ಹಳೇ ಪತ್ರಿಕೆಗಳಲ್ಲಿ ಹುಡುಕಿ ತೆಗೆದ ಲೆಕ್ಕ. ಈಗ ಸಕ್ಕರೆ ಕಾಯಿಲೆ ಎರಡೂ ಕಾಲು ತಿಂದು ಅವನನ್ನು ಜಗಲಿಯ ಮಂಚಕ್ಕೆ ಹಾಕಿತ್ತು. ಬಂದವರಿಗೆಲ್ಲ ಅತ್ತಿಗೆ ಫೂಲ್ಮತಿ ಭೌಜಿ ಬೇರು ಅರೆದು ಕದಡಿದ ಯಂಗೋನಾ ಪಾನಕದ ಬಟ್ಟಲು ಕೊಡುತ್ತ ಹೇಳುತ್ತಿದ್ದುದು ಆ ಎರಡು ಪಂದ್ಯದ ಮಾತೇ.

ಒಂದು ದಿನ ಸಮೋವಾದಿಂದ ಇಂಥದೇ ಹುಚ್ಚಿನ ಲಫಾಯೆಲೆ ಎಂಬವನ ಫೋನು ಬಂತು.

"ಅಲ್ಲಯ್ಯಾ, ಭಾನುವಾರದ ಪಂದ್ಯ ಎಲ್ಲಿಂದ ತಂದೆ? ನಮ್ಮಲ್ಲಿ ಭಾನುವಾರ ಚೆಂಡು ಮುಟ್ಟಿದ್ರೆ ಪಾದ್ರಿ ಕಿವಿ ಹಿಂಡ್ತಾರೆ! ಆಗೆಲ್ಲ ತಾರೀಕು ಬದಲಾಗೋ ಗೆರೆ ನಮ್ಮಿಬ್ಬರ ದೇಶದ ಮಧ್ಯೆ ಹಾಯ್ತಿತ್ತು, ನಮ್ಗೆ ಶನಿವಾರ ಆಗಿರೋವಾಗ ನಿಮ್ಗೆ ಭಾನುವಾರ. ನಮ್ಮ ಪೇಪರ್‌ನಲ್ಲಿ ಒಂದು ತಾರೀಕು, ನಿಮ್ಮದ್ರಲ್ಲಿ ಇನ್ನೊಂದು. ಎರಡಲ್ಲ ಕಣಯ್ಯಾ, ಒಂದೇ ಪಂದ್ಯ."

ಶಿವದತ್ತ ಎರಡೂ ಪತ್ರಿಕೆ ತೆಗೆದು ಪಕ್ಕಪಕ್ಕ ಇಟ್ಟು ನೋಡಿದ; ಹೌದು, ಒಂದೇ ಪಂದ್ಯ. ಅಳಿಸಿದರೆ ಅಣ್ಣನ ಬದುಕಿನ ಅರ್ಧ ಹೆಮ್ಮೆ ಹೋಗುತ್ತದೆ. ಬಿಟ್ಟರೆ ಪಟ್ಟಿ ಸುಳ್ಳಾಗುತ್ತದೆ. ವಾರವಿಡೀ ಒದ್ದಾಡಿ, ಕೊನೆಗೆ ಮಂಚದ ಬಳಿ ಕೂತು ಬಾಯಿಬಿಟ್ಟ.

ಬಿಸುನ್‌ದೇವ ನಕ್ಕ. "ಆಡ್ದೋನು ನಾನು, ನಂಗೊತ್ತಿಲ್ವೇನೋ ಪೆದ್ದ? ನೀನು ಎರಡು ಪೇಪರ್ ಹಿಡ್ಕೊಂಡು ಕುಣೀತಾ ಬಂದಾಗ ನಿನ್ನ ಮುಖ ನೋಡಿ ಹೇಳೋಕೆ ಬಾಯಿ ಬರ್ಲಿಲ್ಲ. ಆಮೇಲೆ ನಂಗೂ ರುಚಿ ಹತ್ತಿತು."

"ಅಳಿಸ್ಲಾ ಭಯ್ಯಾ?"

"ಅಳಿಸು. ನಿನ್ನ ಪಟ್ಟಿ ಕೆಡೋದು ಬೇಡ. ಒಂದಾದ್ರೇನು, ಆವತ್ತು ಕಾಲೆರಡೂ ಇದ್ವಲ್ಲ." ಆಮೇಲೆ ದನಿ ತಗ್ಗಿಸಿದ. "ನಿನ್ನ ಭೌಜಿಗೆ ಮಾತ್ರ ಹೇಳ್ಬೇಡ."

ಶಿವದತ್ತ ಅಳಿಸಿದ. ನಕಲು ಮಾಡಿಕೊಂಡಿದ್ದವರಿಗೆಲ್ಲ ಬರೆದು, ಕಾಡಿ ಬೇಡಿ ಅವರ ಪಟ್ಟಿಗಳಿಂದಲೂ ತೆಗೆಸಿದ. ತಪ್ಪು ತಿದ್ದಿದ ಸಮಾಧಾನವೇನೂ ಸಿಗಲಿಲ್ಲ. ಅಣ್ಣನ ಇನ್ನೊಂದು ಅಂಗ ಕತ್ತರಿಸಿದಂತೆ ಸಂಕಟವಾಯಿತು.

ಕಬ್ಬು ಕಡಿಯುವ ಕಾಲ ಮುಗಿಯುವ ಮೊದಲೇ ಬಿಸುನ್‌ದೇವ ಹೋದ. ಹೆಣ ಎತ್ತುವ ಮುಂಚೆ ಅಂಗಳದಲ್ಲಿ ಫುಟ್‌ಬಾಲ್ ಸಂಘದವನೊಬ್ಬ ಕಾಗದ ನೋಡಿಕೊಂಡು ಮಾತನಾಡಿದ: "ದೇಶಕ್ಕಾಗಿ ಒಂದು ಪಂದ್ಯ ಆಡಿದ..."

"ಒಂದಲ್ಲ!" ಫೂಲ್ಮತಿ ಅಳು ನಿಲ್ಲಿಸಿ ಕೂಗಿದಳು. "ಯಾವನು ಹೇಳ್ದ ಒಂದು ಅಂತ? ಎರಡು! ಬಾಬು, ನೀವೇ ಹೇಳಿ, ಈ ಲೆಕ್ಕ ನಿಮಗಿಂತ ಯಾರಿಗ್ಗೊತ್ತು?"

ಎಲ್ಲರೂ ಶಿವದತ್ತನತ್ತ ತಿರುಗಿದರು. ಸಂಘದವನ ಕೈಯಲ್ಲಿದ್ದ ಕಾಗದ ಶಿವದತ್ತನೇ ಕಳಿಸಿದ್ದು.

"ಎರಡು, ಭೌಜಿ," ಎಂದ. "ನಾನೇ ತಪ್ಪಾಗಿ ಬರೆದೆ."